ಎಂಟು ಡಬ್ಬಿ, ಒಂದು ತೊಟ್ಟಿ

ದೊಡ್ಡಕ್ಕನ ನರ್ಸರಿಯ ಬಗ್ಗೆ ಅವಳ ಎದುರು ಕೊಂಕು ಮಾತಾಡಿದವರು ಯಾರೂ ಮರ್ಯಾದೆಯಾಗಿ ಗೇಟು ದಾಟಿದ್ದಿಲ್ಲ. ಜಾಗ ಸರ್ಕಾರದ್ದಾದರೂ ಇಪ್ಪತ್ತೆರಡು ವರ್ಷದಿಂದ ಆ ಒಂದೂವರೆ ಎಕರೆಯಲ್ಲಿ ಅವಳದೇ ದರ್ಬಾರು. ಮಹಾಗನಿ, ನೇರಳೆ, ಹೊಂಗೆ ಎಂದು ಬೀಜ ಹಾಕಿ, ಕಪ್ಪು ಚೀಲಗಳಿಗೆ ಮಣ್ಣು ತುಂಬಿಸಿ, ಹೆತ್ತ ಮಗನಿಗಿಂತ ಒಂದು ಕೈ ಹೆಚ್ಚಾಗಿಯೇ ಸಾಕಿ ಅವಳು ಕಳಿಸಿದ ಸಸಿಗಳಲ್ಲಿ ಇವತ್ತಿನವರೆಗೆ ಒಂದೇ ಒಂದು ವಾಪಸ್ ಬಂದದ್ದಿಲ್ಲ. ಈ ಮಾತನ್ನು ಅವಳು ದಿನಕ್ಕೊಮ್ಮೆಯಾದರೂ ಹೇಳಲೇಬೇಕು. ಕೇಳುವವರು ಯಾರೂ ಸಿಗದಿದ್ದರೆ ನೀರು ಹಾಕುವ ಪೀಪಾಯಿಗಾದರೂ ಹೇಳುತ್ತಿದ್ದಳು. ಪೀಪಾಯಿ ಅಂದರೆ ಮನುಷ್ಯನೇ. ಹೊಟ್ಟೆಯ ಸುತ್ತಳತೆ ನೋಡಿ ಯಾರೋ ಇಟ್ಟ ಹೆಸರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಆ ವರ್ಷ ದೊಡ್ಡ ಕೆಲಸವೊಂದು ಬಂತು. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ಮೇಲಿನ ಬೋಳುಗುಡ್ಡಕ್ಕೆ ಮೂರು ಸಾವಿರ ಸಸಿ ಬೇಕು ಅಂತ ಪತ್ರ. ಒಂಬತ್ತು ವಾರದ ನಂತರ ಮೇಲಿನ ಕಚೇರಿಯಿಂದ ಒಬ್ಬರು ಬಂದು ಸಸಿ ನೋಡುತ್ತಾರೆ, ಒಪ್ಪಿದರೆ ಗುಡ್ಡ ಮುಗಿಯುವವರೆಗೂ ಹತ್ತು ವರ್ಷ ಈ ನರ್ಸರಿಯಿಂದಲೇ ಸಸಿ. ಒಪ್ಪದಿದ್ದರೆ? ಅದನ್ನೂ ಪತ್ರದ ಕೊನೆಯಲ್ಲಿ ಎರಡು ಸಾಲಿನಲ್ಲಿ ಬರೆದಿದ್ದರು. ನರ್ಸರಿ ಮುಚ್ಚಿ, ಜಾಗವನ್ನು ಲಾರಿ ನಿಲ್ಲಿಸಲು ಕೊಡುವುದು.

'ಲಾರಿ ನಿಲ್ಸ್ತಾರಂತೆ ಲಾರಿ! ನನ್ನ ಸಸಿ ನೋಡಿ ಬೇಡ ಅನ್ನೋಕೆ ಯಾರಿಗಿದೆ ಧೈರ್ಯ?' ಎಂದು ದೊಡ್ಡಕ್ಕ ಪತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನವೇ ನರ್ಸರಿಗೆ ಸಿಂಗಾರ ಶುರುವಾಯಿತು. ದೊಡ್ಡಕ್ಕನಿಗೆ ಸುಣ್ಣದ ಹುಚ್ಚು. ಯಾರಾದರೂ ಬರುತ್ತಾರೆ ಎಂದರೆ ಮೊದಲು ಸುಣ್ಣ ನೆನೆಯಬೇಕು. ದಾರಿಯ ಎರಡೂ ಕಡೆಯ ಕಲ್ಲಿಗೆ ಸುಣ್ಣ, ಗೇಟಿನ ಕಂಬಕ್ಕೆ ಸುಣ್ಣ, ಷೆಡ್ಡಿನ ಗೋಡೆಗೆ ಸುಣ್ಣ. ಎಲ್ಲ ಮುಗಿದ ಮೇಲೆ ಅವಳ ಕಣ್ಣು ನೀರಿನ ತೊಟ್ಟಿಯ ಮೇಲೆ ಬಿತ್ತು. ಬೀದಿಯ ಪೈಪಿನಿಂದ ನೀರು ಬಂದು ಆ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿಂದ ಸಸಿಗಳಿಗೆ. ಹೊರಗಡೆ ಬೆಳ್ಳಗೆ ಹೊಳೆಯುತ್ತಿತ್ತು, ಒಳಗೆ ಬಗ್ಗಿ ನೋಡಿದರೆ ಪಾಚಿ.

'ಮುಖ ತೊಳ್ಕೊಂಡು ಹಲ್ಲು ಉಜ್ಜದೇ ಇದ್ದ ಹಾಗಿದೆ. ಒಳಗೂ ಹೊಡಿ,' ಎಂದಳು.

'ಒಳಗಾ ಅಕ್ಕ?' ಪೀಪಾಯಿ ತಲೆ ಕೆರೆದುಕೊಂಡ. 'ಒಳಗಡೆ ಯಾರು ನೋಡ್ತಾರೆ?'

'ನಾನು ನೋಡ್ತೀನಲ್ಲ! ಒಂದಲ್ಲ, ಮೂರು ಕೋಟ್ ಹೊಡಿ.'

ಪಾಪ, ಪೀಪಾಯಿ ಹೊಟ್ಟೆ ಒಳಗೆಳೆದುಕೊಂಡು ತೊಟ್ಟಿಯೊಳಗೆ ಇಳಿದು ಮೂರು ಕೋಟ್ ಹೊಡೆದ. ಹೊರಗೆ ಬಂದಾಗ ಹುಬ್ಬೂ ಬೆಳ್ಳಗಾಗಿತ್ತು. ಸುಣ್ಣ ಸರಿಯಾಗಿ ಒಣಗುವುದಕ್ಕೂ ಬಿಡದೆ ಅವತ್ತು ಸಂಜೆಯೇ ನೀರು ತುಂಬಿಸಿದರು, ಬಿಸಿಲಿಗೆ ಸಸಿ ಬಾಡಬಾರದಲ್ಲ.

ಮೂರನೆಯ ವಾರ ಮಹಾಗನಿಯ ಸಾಲಿನಲ್ಲಿ ನಡೆಯುತ್ತಿದ್ದ ದೊಡ್ಡಕ್ಕ ಗಕ್ಕನೆ ನಿಂತಳು. ತುದಿಯ ಹೊಸ ಎಲೆಗಳು ಹಳದಿ. ಕೆಳಗಿನ ಹಳೆಯ ಎಲೆ ಹಸಿರಾಗಿಯೇ ಇದೆ. ಮೇಲೆ ಚಿಗುರಿದ್ದು ಮಾತ್ರ ಹಳದಿ, ಅದರಲ್ಲಿ ನರಗಳಷ್ಟೇ ಹಸಿರಾಗಿ ಬಲೆಯ ಹಾಗೆ ಎದ್ದು ಕಾಣುತ್ತಿವೆ. ನೇರಳೆಯಲ್ಲೂ ಹಾಗೇ, ಹೊಂಗೆಯಲ್ಲೂ ಹಾಗೇ.

ಇನ್ನೊಬ್ಬರಾಗಿದ್ದರೆ ಗಾಬರಿಯಲ್ಲಿ ಸಿಕ್ಕಿದ ಗೊಬ್ಬರವನ್ನೆಲ್ಲ ಸುರಿಯುತ್ತಿದ್ದರು. ದೊಡ್ಡಕ್ಕ ಹಾಗಲ್ಲ, ಸಸಿಯ ಹಸಿವು ಓದುವುದರಲ್ಲಿ ಎತ್ತಿದ ಕೈ. ಸಾರಜನಕ ಕಡಿಮೆಯಾದರೆ ಹಳದಿ ಕೆಳಗಿನ ಎಲೆಯಿಂದ ಶುರುವಾಗುತ್ತದೆ, ಯಾಕೆಂದರೆ ಸಸಿ ಹಳೆಯ ಎಲೆಯದನ್ನು ಕಿತ್ತು ಹೊಸದಕ್ಕೆ ಕೊಡುತ್ತದೆ, ಥೇಟ್ ತಾಯಿಯ ಹಾಗೆ. ರಂಜಕ ಕಡಿಮೆಯಾದರೆ ಎಲೆಗೆ ನೇರಳೆ ಛಾಯೆ, ಬೆಳವಣಿಗೆ ಕುಂಠಿತ. ಪೊಟ್ಯಾಷ್ ಕಡಿಮೆಯಾದರೆ ಅಂಚು ಸುಟ್ಟಂತೆ. ಚಿಗುರು ಹಳದಿ, ನರ ಹಸಿರು ಎಂದರೆ ಕಬ್ಬಿಣ. ಸಸಿ ಹಳೆಯ ಎಲೆಯಿಂದ ಕಬ್ಬಿಣ ಕಿತ್ತುಕೊಳ್ಳಲಾರದು, ಬೇರಿನಿಂದಲೇ ಬರಬೇಕು. ಇಷ್ಟು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ.

'ಅನ್ನಭೇದಿ ತಗೊಂಡ್ಬಾ,' ಎಂದು ಪೀಪಾಯಿಯನ್ನು ಅಂಗಡಿಗೆ ಓಡಿಸಿದಳು. ಅನ್ನಭೇದಿ ಎಂದರೆ ಕಬ್ಬಿಣದ ಹರಳು, ತಿಳಿಹಸಿರು ಬಣ್ಣ. ತೊಟ್ಟಿಯ ನೀರಿನಲ್ಲಿ ಕರಗಿಸಿದರೆ ನೀರೆಲ್ಲ ಬಗ್ಗಡವಾಯಿತು. ಸ್ವಲ್ಪ ಹೊತ್ತಿಗೆ ಸಸಿಗೆ ನೀರು ಹನಿಸುವ ಝಾರಿಯ ತಳದಲ್ಲಿ ತುಕ್ಕಿನ ಬಣ್ಣದ ಕೆಸರು ಕೂತಿತು.

'ಕಳಪೆ ಮಾಲು!' ಎಂದು ದೊಡ್ಡಕ್ಕ ಅಂಗಡಿಯವನಿಗೆ ಫೋನು ಮಾಡಿ ಏಳು ತಲೆಮಾರು ನೆನೆಯುವಂತೆ ಬೈದಳು. ಅವನು ಇನ್ನೊಂದು ಚೀಲ ಕಳಿಸಿದ. ಅದೂ ಅದೇ ಕಥೆ. ಹಾಕಿದರು, ಹಾಕಿದರು, ಹಳದಿ ಇಳಿಯಲಿಲ್ಲ. ಹೊಸದಾಗಿ ಬಂದ ಚಿಗುರಂತೂ ಹಳದಿಯೂ ಅಲ್ಲ, ಬೆಣ್ಣೆಯಂತೆ ಬಿಳಿಚಿಕೊಂಡೇ ಬಂತು. ದೊಡ್ಡಕ್ಕನಿಗೆ ಊಟ ಸೇರದಂತಾಯಿತು. ಮೂರು ಸಾವಿರ ಸಸಿ ಒಟ್ಟಿಗೆ ತನ್ನ ಮುಖ ನೋಡಿ 'ಇಷ್ಟೇನಾ ನೀನು?' ಎಂದು ಕೇಳಿದಂತೆ ಅವಳಿಗೆ ಅನ್ನಿಸುತ್ತಿತ್ತು. ಗೇಟಿನ ಹೊರಗೆ ಲಾರಿಯ ಹಾರ್ನ್ ಕೇಳಿಸಿದರೆ ಬೆಚ್ಚಿಬೀಳುತ್ತಿದ್ದಳು, ಮಗನೇ ಲಾರಿ ಡ್ರೈವರ್ ಆಗಿದ್ದರೂ.

ಆ ಮಗನ ಹೆಂಡತಿಯೂ ನರ್ಸರಿಯಲ್ಲೇ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಎರಡು ವರ್ಷದ ಹಿಂದೆ ಮದುವೆಯಾಗಿ ಬಂದವಳು. ಅದಕ್ಕೆ ಮುಂಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದಳು, ಅದು ಮುಚ್ಚಿತು. ಮನೆಯಲ್ಲಿ ಸುಮ್ಮನೆ ಕೂರುವ ಜಾತಿಯಲ್ಲ ಎಂದು ದೊಡ್ಡಕ್ಕನೇ ಕರೆತಂದಳು. ತಂದಳೇ ಹೊರತು ಒಪ್ಪಲಿಲ್ಲ. 'ಬಣ್ಣದ ಕಾರ್ಖಾನೆಯವಳು, ಮಣ್ಣಿನ ವಿಷಯ ಅವಳಿಗೇನು ಗೊತ್ತು' ಎಂದು ಅವಳಿಗೆ ಕೇಳಿಸುವಂತೆಯೇ ಹೇಳುತ್ತಿದ್ದಳು. ಕೆಲಸದವರ ಎದುರು 'ಏ ಹುಡುಗಿ' ಎಂದು ಕರೆಯುತ್ತಿದ್ದಳಲ್ಲದೆ 'ನನ್ನ ಸೊಸೆ' ಎಂಬ ಮಾತು ಅವಳ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಸೊಸೆಯೂ ಬಾಯಿಗೆ ಬೀಗ ಹಾಕಿಕೊಂಡು ಮಣ್ಣು ತುಂಬುತ್ತಿದ್ದಳು. ಆದರೆ ಕಣ್ಣಿಗೆ ಬೀಗ ಇರಲಿಲ್ಲ.

ಐದೂವರೆ ವಾರವಾಗಿತ್ತು. ಒಂದು ಮಧ್ಯಾಹ್ನ ಮುರಿದ ಗುದ್ದಲಿ ಹುಡುಕುತ್ತಾ ದೊಡ್ಡಕ್ಕ ಷೆಡ್ಡಿನ ಹಿಂದೆ ಹೋದಳು. ಗೋಡೆಯ ಪಕ್ಕ ಎಂಟು ಹಳೆಯ ಎಣ್ಣೆಡಬ್ಬಿ ಸಾಲಾಗಿ ಕೂತಿದ್ದವು, ಒಂದೊಂದರಲ್ಲೂ ಒಂದೊಂದು ಮಹಾಗನಿ ಸಸಿ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿ ಬರೆದಿತ್ತು: ಎಲ್ಲಾ ಇದೆ. ಸಾರಜನಕ ಬಿಟ್ಟು. ರಂಜಕ ಬಿಟ್ಟು. ಪೊಟ್ಯಾಷ್ ಬಿಟ್ಟು. ಮೆಗ್ನೀಸಿಯಂ ಬಿಟ್ಟು. ಸತು ಬಿಟ್ಟು. ಕಬ್ಬಿಣ ಬಿಟ್ಟು. ಕೊನೆಯದರ ಮೇಲೆ, ಏನೂ ಇಲ್ಲ.

'ಏ ಹುಡುಗಿ!'

ಸೊಸೆ ಓಡಿಬಂದಳು. ಕೈತುಂಬ ಮಣ್ಣು, ಮುಖ ಬಿಳಿಚಿಕೊಂಡಿತ್ತು.

'ಯಾರನ್ನ ಕೇಳಿ ಎತ್ಕೊಂಡೆ ಇವನ್ನ?'

'ಸಾಲಿಂದ ಎತ್ಕೊಂಡೆ ಅತ್ತೆ. ಹಳದಿಯಾಗಿದ್ದವೇ ಎಂಟು. ಕಾರ್ಖಾನೆಯಲ್ಲಿ ಬಣ್ಣ ಕೆಟ್ರೆ ಹೀಗೇ ಮಾಡ್ತಿದ್ವಿ. ಒಂದೊಂದು ಪಾತ್ರೇಲಿ ಒಂದೊಂದನ್ನ ಬಿಟ್ಟು ನೋಡೋದು. ಯಾವುದರಲ್ಲಿ ತಪ್ಪಿದೆ ಅಂತ ಗೊತ್ತಾಗತ್ತಲ್ಲ.'

'ಓಹೋ! ಇಪ್ಪತ್ತೆರಡು ವರ್ಷದಿಂದ ಸಸಿ ಬೆಳೆಸ್ತಿರೋ ನನಗೆ ಬಣ್ಣದ ಪಾತ್ರೆ ಕಥೆ ಹೇಳ್ತೀಯಾ?' ಎಂದು ದೊಡ್ಡಕ್ಕ ಮೂಗಿನ ಮೇಲಿನ ಸಿಟ್ಟನ್ನು ಇಳಿಸಲು ಬಾಯಿ ತೆಗೆದಿದ್ದಳು. ತೆಗೆದ ಬಾಯಿ ತೆಗೆದಂತೆಯೇ ಉಳಿಯಿತು. ಅವಳು ಈಗಷ್ಟೇ ಎಲೆಗಳನ್ನು ಸರಿಯಾಗಿ ನೋಡಿದ್ದಳು.

ಹಸಿರು. 'ಎಲ್ಲಾ ಇದೆ' ಡಬ್ಬಿಯ ತುದಿ ಚಿಗುರು ಅಚ್ಚ ಹಸಿರು. ಸತು ಬಿಟ್ಟದ್ದೂ ಹಸಿರು. ಕಬ್ಬಿಣ ಬಿಟ್ಟದ್ದೂ ಹಸಿರು! ಅಷ್ಟೇಕೆ, ಏನೂ ಕೊಡದೆ ಕೂರಿಸಿದ್ದ ಕೊನೆಯ ಡಬ್ಬಿಯ ಬಡಸಸಿ, ಗೇಣುದ್ದ ಗಿಡ್ಡಗಿದ್ದರೂ, ತಲೆಯ ಮೇಲೆ ಎರಡು ಹಸಿರು ಎಲೆ ಬಿಟ್ಟುಕೊಂಡು ರಾಣಿಯ ಹಾಗೆ ನಿಂತಿತ್ತು.

'ಅದೇ ಅತ್ತೆ ನನಗೂ ತಲೆ ಚಿಟ್ಟು ಹಿಡಿದಿರೋದು,' ಎಂದಳು ಸೊಸೆ ಮೆಲ್ಲಗೆ. 'ಒಂದರಲ್ಲಾದ್ರೂ ಹಳದಿ ಉಳೀಬೇಕಿತ್ತು. ಏನೂ ಕೊಡದೇ ಇರೋದೂ ಹಸಿರಾಯ್ತು. ಅಂದ್ರೆ ಗೊಬ್ಬರದ ವಿಷಯ ಅಲ್ವೇ ಅಲ್ಲ.'

ದೊಡ್ಡಕ್ಕ ಕುಕ್ಕುರುಗಾಲಿನಲ್ಲಿ ಕೂತಳು. ಡಬ್ಬಿಯ ಮಣ್ಣು ಚಿವುಟಿ ನೋಡಿದಳು, ಮೂಸಿದಳು. ಅದೇ ಮಣ್ಣು. ಬಿಸಿಲು ಅದೇ, ನೆರಳುಬಲೆಯೂ ಅದೇ.

'ನೀರು ಯಾವುದು ಹಾಕ್ತಿದ್ದೆ?'

ಸೊಸೆ ನಾಚಿಕೊಂಡಳು. 'ತೊಟ್ಟಿ ಹತ್ರ ಬಂದ್ರೆ ನಿಮ್ಮ ಕಣ್ಣಿಗೆ ಬೀಳ್ತೀನಲ್ಲ. ಅದಕ್ಕೇ ಬೀದಿ ನಲ್ಲೀಲಿ ಹಿಡಿದು ತರೋ ಕುಡಿಯೋ ನೀರು, ಎಲ್ಲರ ಬಾಟಲೀಲಿ ಉಳಿದಿದ್ದು.'

ಬೀದಿಯ ನಲ್ಲಿ, ತೊಟ್ಟಿ, ಎರಡಕ್ಕೂ ಪೈಪು ಒಂದೇ. ನಡುವೆ ಇರುವುದು ತೊಟ್ಟಿ ಮಾತ್ರ. ತೊಟ್ಟಿಯೊಳಗೆ ಮೂರು ಕೋಟ್. ದೊಡ್ಡಕ್ಕನಿಗೆ ಯಾರೋ ಕಪಾಳಕ್ಕೆ ಬಿಟ್ಟಂತಾಯಿತು. ಝಾರಿಯ ತಳದ ಆ ತುಕ್ಕಿನ ಕೆಸರು ಕಣ್ಣ ಮುಂದೆ ಬಂತು. ಸುಣ್ಣದ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ! ಗೊತ್ತಿದ್ದೂ ತನ್ನ ತೊಟ್ಟಿ ತಪ್ಪು ಮಾಡೀತು ಎಂದು ಅವಳಿಗೆ ಹೊಳೆದಿರಲಿಲ್ಲ ಅಷ್ಟೇ.

'ಸುಣ್ಣಾನಾ ಅಂತ ನೋಡೇಬಿಡೋಣ, ಅರಿಶಿನ ತಗೊಂಡ್ಬರ್ತೀನಿ ಇರಿ,' ಎಂದು ಸೊಸೆ ಷೆಡ್ಡಿಗೆ ಹೋಗಿ, ಗಾಯಕ್ಕೆ ಹಚ್ಚಲೆಂದು ಇಟ್ಟಿದ್ದ ಅರಿಶಿನದ ಡಬ್ಬಿ ತಂದಳು. ಎರಡು ಲೋಟದಲ್ಲಿ ಚಿಟಿಕೆ ಚಿಟಿಕೆ ಹಾಕಿ, ಒಂದಕ್ಕೆ ನಲ್ಲಿಯ ನೀರು, ಒಂದಕ್ಕೆ ತೊಟ್ಟಿಯ ನೀರು ಹೊಯ್ದಳು. ನಲ್ಲಿಯದು ಹಳದಿಯಾಗಿಯೇ ಉಳಿಯಿತು. ತೊಟ್ಟಿಯದು ನೋಡನೋಡುತ್ತಿದ್ದಂತೆ ಕೆಂಪಗಾಯಿತು.

ಅಷ್ಟರಲ್ಲಿ ಹಿಂದಿನಿಂದ ಇಣುಕಿದ ಪೀಪಾಯಿ, 'ನಾನು ಹೇಳಿದ್ನಲ್ಲ ಅಕ್ಕ, ಒಳಗಡೆ ಯಾರು ನೋಡ್ತಾರೆ ಅಂತ,' ಎಂದ.

'ನೋಡಿದ್ವಲ್ಲ ಮೂರು ಸಾವಿರ ಸಸಿಗಳು, ಸಾಲದಾ?' ಎಂದಳು ದೊಡ್ಡಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕೈ ಚೆಲ್ಲಿ ಕೂತುಬಿಟ್ಟಳು. ನೋವು ಎಂದರೆ ಸುಣ್ಣದ್ದಲ್ಲ. ತನ್ನ ನರ್ಸರಿಯನ್ನು ಹಾಳು ಮಾಡುತ್ತಿದ್ದದ್ದು ಹುಳವಲ್ಲ, ರೋಗವಲ್ಲ, ಅಂಗಡಿಯವನಲ್ಲ, ತಾನು. ಅದನ್ನು ನುಂಗಲು ಆಗುತ್ತಿರಲಿಲ್ಲ.

ಸೊಸೆ ಪಕ್ಕದಲ್ಲಿ ನಿಂತೇ ಇದ್ದಳು. 'ಅತ್ತೆ, ಇನ್ನೂ ಮೂರೂವರೆ ವಾರ ಇದೆ,' ಎಂದಳು. ಅಷ್ಟು ಸಾಕಾಯಿತು. ದೊಡ್ಡಕ್ಕ ಸೆರಗು ಬಿಗಿದು ಎದ್ದಳು.

ಆಮೇಲಿನ ಮೂರೂವರೆ ವಾರ ನೋಡಬೇಕಿತ್ತು! ತೊಟ್ಟಿ ಖಾಲಿ ಮಾಡಿ, ಪೀಪಾಯಿಯನ್ನು ಮತ್ತೆ ಒಳಗಿಳಿಸಿ ಸುಣ್ಣವನ್ನು ಹೆರೆಸಿದರು. ಬೀದಿಯ ನಲ್ಲಿಗೆ ನೇರವಾಗಿ ರಬ್ಬರ್ ಪೈಪು ಸಿಕ್ಕಿಸಿ ಒಂದೊಂದು ಚೀಲದ ಮಣ್ಣನ್ನೂ ಮೂರು ಸಲ ತೊಳೆದು ನೀರು ಇಳಿಸಿದರು. ನಲ್ಲಿಯ ನೀರಿನಲ್ಲಿ ಅನ್ನಭೇದಿ ಕರಗಿಸಿದಾಗ ಅದು ತಿಳಿಯಾಗಿಯೇ ನಿಂತಿತು. ದೊಡ್ಡಕ್ಕ ಅಂಗಡಿಯವನಿಗೆ ಫೋನು ಮಾಡಿ, 'ನಿನ್ನ ಮಾಲು ಚೆನ್ನಾಗಿತ್ತಪ್ಪ' ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವನು ಅವತ್ತಿಡೀ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದನಂತೆ. ದಿನಾ ಸಂಜೆ ಬಿಸಿಲು ಇಳಿದ ಮೇಲೆ ಅತ್ತೆ ಒಂದು ಸಾಲು, ಸೊಸೆ ಒಂದು ಸಾಲು, ಎಲೆಗಳ ಮೇಲೆ ಆ ಅನ್ನಭೇದಿ ನೀರು ಸಿಂಪಡಿಸಿದರು. ಮಾತು ಕಡಿಮೆ, ಸಾಲು ಜಾಸ್ತಿ. ಹತ್ತನೆಯ ದಿನ ಸೊಸೆ 'ಅತ್ತೇ!' ಎಂದು ಕೂಗಿದ ಕೂಗಿಗೆ ಪೀಪಾಯಿ ಹಾವು ಬಂತೆಂದು ಬೆಂಚು ಹತ್ತಿದ. ಹಾವಲ್ಲ, ಮಹಾಗನಿಯ ತುದಿಯಲ್ಲಿ ಮೊದಲ ಹಸಿರು ಚಿಗುರು. ಅದನ್ನು ನೋಡಿ ದೊಡ್ಡಕ್ಕ ಅತ್ತೇಬಿಟ್ಟಳು, ಕಣ್ಣಿಗೆ ಔಷಧಿ ಹಾರಿತು ಎಂದು ಸುಳ್ಳು ಹೇಳಿದಳು.

ಮೂರು ಸಾವಿರವೂ ಹಸಿರಾದವು. ಆದರೆ ಒಂದು ಕಲೆ ಉಳಿಯಿತು. ಮೊದಲೇ ಬಿಳಿಚಿಕೊಂಡು ಬಂದಿದ್ದ ಎಲೆಗಳು ಪೂರ್ತಿ ಬಣ್ಣಕ್ಕೆ ಬರಲೇ ಇಲ್ಲ. ಒಂದೊಂದು ಸಸಿಯಲ್ಲೂ ಕೆಳಗೆ ಹಸಿರು, ಮೇಲೆ ಹಸಿರು, ನಡುವೆ ಪಟ್ಟಿ ಕಟ್ಟಿದ ಹಾಗೆ ಎರಡು ಮೂರು ಹಳದಿ ಎಲೆ.

ಮೇಲಿನ ಕಚೇರಿಯವರು ಬರುವ ಹಿಂದಿನ ದಿನ ಪೀಪಾಯಿ ಉಪಾಯ ಹೇಳಿದ. 'ಆ ಹಳದಿ ಎಲೆ ಚಿವುಟಿ ಹಾಕೋಣ ಅಕ್ಕ. ಹತ್ತು ಜನ ಕೂತ್ರೆ ಸಂಜೆಗೆ ಮುಗಿಯತ್ತೆ. ಬರೋರಿಗೆ ಏನು ಗೊತ್ತಾಗತ್ತೆ?'

ದೊಡ್ಡಕ್ಕ ಒಂದು ಹಳದಿ ಎಲೆಯನ್ನು ಬೆರಳಲ್ಲಿ ಹಿಡಿದುಕೊಂಡಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಒಂದೇ ಒಂದು ಸಸಿ ವಾಪಸ್ ಬಂದಿಲ್ಲ ಎಂಬ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಸೊಸೆ ಅವಳ ಮುಖವನ್ನೇ ನೋಡುತ್ತಿದ್ದಳು.

'ಗುಡ್ಡಕ್ಕೆ ಹೋಗೋ ಮಗುವಿನ ಬಾಯಿಂದ ತುತ್ತು ಕಿತ್ಕೋಬೇಕಾ?' ಎಂದಳು ಕೊನೆಗೆ. 'ಹಳದಿಯಾದ್ರೂ ಅದು ಎಲೆ. ಕೆಲಸ ಮಾಡತ್ತೆ. ಇರ್ಲಿ ಬಿಡು.'

ಬಂದವರು ಒಬ್ಬ ಹೆಂಗಸು. ಕುತ್ತಿಗೆಯಲ್ಲಿ ಕಾಂಡದ ದಪ್ಪ ಅಳೆಯುವ ಕಬ್ಬಿಣದ ಇಕ್ಕಳ ತೂಗುತ್ತಿತ್ತು, ಕೈಯಲ್ಲಿ ಅಡಿಕೋಲು. ಐದು ನಿಮಿಷದಲ್ಲಿ ನರ್ಸರಿಯವರೆಲ್ಲ ಅವರಿಗೆ 'ಅಳತೆ ಮೇಡಂ' ಎಂದು ಹೆಸರಿಟ್ಟಾಗಿತ್ತು. ಸುಣ್ಣ ಹೊಡೆದ ಕಲ್ಲುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೇರ ಮಹಾಗನಿಯ ಸಾಲಿಗೆ ಹೋಗಿ, ಬಗ್ಗಿ, ಬುಡದ ದಪ್ಪ ಅಳೆದು, ಬರೆದುಕೊಂಡರು. ಹತ್ತು ಸಸಿ ಅಳೆದ ಮೇಲೆ ತಲೆ ಎತ್ತಿದರು.

'ಇದೇನಿದು, ಎಲ್ಲದರಲ್ಲೂ ನಡುವೆ ಹಳದಿ?'

'ಬಿಸಿಲು ಮೇಡಂ,' ಎಂದ ಪೀಪಾಯಿ ತಟ್ಟನೆ. 'ಈ ಸಲ ಏನು ಬಿಸಿಲು ಅಂತೀರಾ...'

'ಬಿಸಿಲಲ್ಲ,' ಎಂದಳು ದೊಡ್ಡಕ್ಕ. 'ನಾನು.'

ದೊಡ್ಡಕ್ಕ ಮುಂದೆ ಬಂದು ಒಂದು ಸಸಿಯ ಚೀಲವನ್ನು ಕೈಗೆ ಎತ್ತಿಕೊಂಡಳು. ತೊಟ್ಟಿ, ಮೂರು ಕೋಟ್ ಸುಣ್ಣ, ಝಾರಿಯ ಕೆಸರು, ಅಂಗಡಿಯವನಿಗೆ ಬೈದದ್ದು, ಷೆಡ್ಡಿನ ಹಿಂದಿನ ಎಂಟು ಡಬ್ಬಿ, ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಸಸಿಯ ಮೇಲೆ ಬೆರಳಿಟ್ಟಳು.

'ಕೆಳಗಿನ ಹಸಿರು ನನ್ನದು ಮೇಡಂ, ಇಪ್ಪತ್ತೆರಡು ವರ್ಷದ್ದು. ನಡುವಿನ ಹಳದೀನೂ ನನ್ನದೇ. ಮೇಲಿನ ಹಸಿರು ಇದೆಯಲ್ಲ, ಇದು ನನ್ನ ಸೊಸೆದು. ಅಗೋ, ಅಲ್ಲಿ ನಿಂತಿದ್ದಾಳಲ್ಲ, ಅವಳೇ. ನನ್ನ ಸೊಸೆ.'

ಎರಡು ಸಲ ಅಂದಳು. ನರ್ಸರಿಯ ಅಷ್ಟೂ ಜನ ಕೇಳಿದರು. ಮಣ್ಣಿನ ರಾಶಿಯ ಪಕ್ಕ ನಿಂತಿದ್ದ ಸೊಸೆ ತಟಕ್ಕನೆ ನಲ್ಲಿಯ ಕಡೆ ತಿರುಗಿ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆಯತೊಡಗಿದಳು. ದೊಡ್ಡಕ್ಕನ ತಲೆಯಂತೂ ಅಷ್ಟು ವರ್ಷದಲ್ಲಿ ಎಂದೂ ಇಲ್ಲದಷ್ಟು ಎತ್ತರಕ್ಕೆ ನಿಂತಿತ್ತು. ತಪ್ಪು ಒಪ್ಪಿಕೊಂಡವಳ ತಲೆ ತಗ್ಗಬೇಕಿತ್ತು, ಅದು ಯಾಕೋ ತಗ್ಗಲೇ ಇಲ್ಲ.

ಅಳತೆ ಮೇಡಂ ತಮಗೆ ತೋಚಿದ ಐದು ಸಸಿ ಎತ್ತಿಸಿ, ಚೀಲ ಸೀಳಿ, ಬೇರು ತೊಳೆಸಿದರು. ಬಿಳಿಯ ಹೊಸ ನಾರುಬೇರು ಮುಷ್ಟಿ ತುಂಬ. ಷೆಡ್ಡಿನ ಹಿಂದೆ ಹೋಗಿ ಎಂಟು ಡಬ್ಬಿಗಳನ್ನೂ ಚೀಟಿ ಸಮೇತ ಓದಿದರು, 'ಏನೂ ಇಲ್ಲ' ಡಬ್ಬಿಯ ಎದುರು ಸ್ವಲ್ಪ ಜಾಸ್ತಿ ಹೊತ್ತು ನಿಂತರು.

'ಈ ವರ್ಷ ಹನ್ನೊಂದು ನರ್ಸರಿ ನೋಡಿದೆ,' ಎಂದರು. 'ನಾಲ್ಕರಲ್ಲಿ ಇದೇ ಹಳದಿ. ನಾಲ್ಕೂ ಕಡೆ ಬಿಸಿಲು ಅಂದ್ರು.' ಪುಸ್ತಕ ತೆಗೆದು ಸಹಿ ಹಾಕಿದರು. 'ಮೂರು ಸಾವಿರವೂ ಗುಡ್ಡಕ್ಕೆ ಹೋಗ್ಲಿ. ಈ ಡಬ್ಬಿಗಳನ್ನ ಕೊಡ್ತೀರಾ? ಆ ನಾಲ್ಕು ಕಡೆ ತೋರಿಸ್ಬೇಕು.'

'ಡಬ್ಬಿ ಕೊಡಲ್ಲ,' ಎಂದಳು ದೊಡ್ಡಕ್ಕ. 'ಬೇಕಿದ್ರೆ ಡಬ್ಬಿ ಜೊತೆ ಸೊಸೇನ ಕಳಿಸ್ತೀನಿ, ಅವಳೇ ಹೇಳ್ತಾಳೆ. ಎರಡನ್ನೂ ಜೋಪಾನವಾಗಿ ವಾಪಸ್ ಕಳಿಸ್ಬೇಕು, ಮೊದಲೇ ಹೇಳಿದೀನಿ.'

ಅಳತೆ ಮೇಡಂ ಅವತ್ತು ಮೊದಲ ಸಲ ನಕ್ಕರು.

ಗುಡ್ಡಕ್ಕೆ ಸಸಿ ಸಾಗಿಸಲು ಮರುವಾರ ಲಾರಿ ಬಂತು, ಮಗನದೇ ಲಾರಿ. ಮೂರು ಸಾವಿರ ಸಸಿ ನಡುವಿನ ಹಳದಿ ಪಟ್ಟಿಯನ್ನು ಅಲ್ಲಾಡಿಸುತ್ತಾ ಗೇಟು ದಾಟಿದವು. ಗೇಟಿನಲ್ಲಿ ನಿಂತು ದೊಡ್ಡಕ್ಕ ಕೊನೆಯ ಚೀಲ ಕಣ್ಮರೆಯಾಗುವವರೆಗೂ ನೋಡಿದಳು. ಹಿಂದಿನಿಂದ ಪೀಪಾಯಿ ಬಂದ, ಕೈಯಲ್ಲಿ ಕುಂಚ, ಬಕೆಟ್ಟು.

'ಅಕ್ಕ, ಮಳೆಗೆ ದಾರಿ ಕಲ್ಲಿನ ಸುಣ್ಣ ಎಲ್ಲಾ ಹೋಗಿದೆ. ಇನ್ನೊಂದು ಕೋಟ್ ಹೊಡೀಲಾ?'

ದೊಡ್ಡಕ್ಕ ಬಕೆಟ್ಟು ನೋಡಿದಳು, ಕಲ್ಲು ನೋಡಿದಳು. ದೂರದಲ್ಲಿ ಸೊಸೆ ಹೊಸ ಬೀಜದ ಮಡಿಯ ಮುಂದೆ ಕೂತು ಮಣ್ಣು ಜರಡಿ ಹಿಡಿಯುತ್ತಿದ್ದಳು.

'ನನ್ನನ್ನೇನು ಕೇಳ್ತೀಯ?' ಎಂದಳು. 'ಅವಳನ್ನ ಕೇಳು.'